ರಿಕ್ವೆಸ್ಟ್ಸ್ ಎಂದರೇನು? ಸರ್ಕಾರಿ ಸರ್ವರ್‌ಗಳ ಬಾಗಿಲು ತಟ್ಟುವ ಪೈಥಾನ್ ಲೈಬ್ರರಿಯ ಕೈಪಿಡಿ

ಒಂದು ಜಿಲ್ಲೆಯ ಇನ್ನೂರು ಗ್ರಾಮ ಪಂಚಾಯಿತಿಗಳ ಐದು ವರ್ಷದ ನರೇಗಾ ಲೆಕ್ಕ ನಿಮಗೆ ಬೇಕು ಅಂದುಕೊಳ್ಳಿ. ಎಲ್ಲವೂ ಜಾಲತಾಣದಲ್ಲೇ ಇದೆ, ಯಾರೂ ಬಚ್ಚಿಟ್ಟಿಲ್ಲ. ಆದರೆ ಒಂದು ಪಂಚಾಯಿತಿಗೆ, ಒಂದು ವರ್ಷಕ್ಕೆ ಒಂದು ಪುಟ. ಒಟ್ಟು ಸಾವಿರ ಪುಟ. ಕೈಯಲ್ಲಿ ಕ್ಲಿಕ್ ಮಾಡುತ್ತಾ ಕೂತರೆ ವಾರ ಹಿಡಿಯುತ್ತೆ, ಅಷ್ಟರಲ್ಲಿ ಸುದ್ದಿ ಹಳಸುತ್ತೆ. ಅದೇ ಕೆಲಸವನ್ನು ಇಪ್ಪತ್ತು ಸಾಲಿನ ಪೈಥಾನ್ ಕೋಡ್, ಪ್ರತಿ ಪುಟಕ್ಕೂ ಎರಡು ಸೆಕೆಂಡ್ ಬಿಡುವು ಕೊಟ್ಟುಕೊಂಡೇ, ಮುಕ್ಕಾಲು ಗಂಟೆಯೊಳಗೆ ಮುಗಿಸಬಲ್ಲದು. ಆ ಇಪ್ಪತ್ತು ಸಾಲಿನಲ್ಲಿ ನಿಜವಾದ ಭಾರ ಹೊರುವುದು ಒಂದೇ ಒಂದು ಲೈಬ್ರರಿ. ಅದರ ಹೆಸರು ರಿಕ್ವೆಸ್ಟ್ಸ್.

ರಾಜಕೀಯ ವಿಶ್ಲೇಷಣೆ ಓದಲು ಬಂದವರಿಗೆ ಕೋಡಿಂಗ್ ಪಾಠ ಯಾಕೆ ಎಂಬ ಪ್ರಶ್ನೆ ಏಳಬಹುದು. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವಳು. ಈ ಎರಡೂ ಕಡೆ ಇದ್ದು ನನಗೆ ಕಂಡಿದ್ದು ಇಷ್ಟು: ಮಾಹಿತಿ ಬಹಿರಂಗವಾಗಿದ್ದರೆ ಸಾಲದು, ಅದನ್ನು ಒಟ್ಟಾಗಿ ನೋಡುವ ಶಕ್ತಿಯೂ ಬೇಕು. ಆ ಶಕ್ತಿ ಇವತ್ತು ಕಂಪನಿಗಳ ಬಳಿ ಇದೆ, ಪಕ್ಷಗಳ ವಾರ್ ರೂಮ್‌ಗಳ ಬಳಿ ಇದೆ, ಸರ್ಕಾರದ ಬಳಿ ಇದೆ. ನಾಗರಿಕರ ಬಳಿಯೂ ಇರಬೇಕು ಅಂದರೆ ಉಪಕರಣ ಗೊತ್ತಿರಬೇಕು. ಅದು ಎಲ್ಲಿ ಕೈಕೊಡುತ್ತದೆ, ಎಲ್ಲಿ ಬೇರೆಯವರಿಗೆ ತೊಂದರೆ ಕೊಡುತ್ತದೆ ಅನ್ನುವುದೂ ಗೊತ್ತಿರಬೇಕು. ಈ ಲೇಖನ ಅದಕ್ಕಾಗಿ. ಬೇಕಾದಾಗ ತೆರೆದು ನೋಡುವಂತೆ ಭಾಗ ಭಾಗವಾಗಿ ಬರೆದಿದ್ದೇನೆ.

ಏನಿದು?

ನೀವು ಬ್ರೌಸರ್‌ನಲ್ಲಿ ವಿಳಾಸ ಟೈಪಿಸಿದಾಗ ಬ್ರೌಸರ್ ದೂರದ ಒಂದು ಸರ್ವರ್‌ಗೆ ವಿನಂತಿ ಕಳಿಸುತ್ತದೆ, ಸರ್ವರ್ ಉತ್ತರ ಕಳಿಸುತ್ತದೆ. ಈ ಮಾತುಕತೆಯ ವ್ಯಾಕರಣಕ್ಕೆ ಎಚ್‌ಟಿಟಿಪಿ ಎಂದು ಹೆಸರು. ಬ್ರೌಸರ್ ಇಲ್ಲದೆ, ನಿಮ್ಮ ಪ್ರೋಗ್ರಾಮ್‌ನಿಂದಲೇ ಈ ಮಾತುಕತೆ ನಡೆಸಲು ಬೇಕಾದ ಸಲಕರಣೆಯೇ ರಿಕ್ವೆಸ್ಟ್ಸ್. ಪೈಥಾನ್ ಭಾಷೆಯ ಜೊತೆ ಇದು ತಾನಾಗಿಯೇ ಬರುವುದಿಲ್ಲ, ಪಿಪ್ ಎಂಬ ಸಾಧನದಿಂದ ಹಾಕಿಕೊಳ್ಳಬೇಕು. ಅಪಾಚೆ 2.0 ಪರವಾನಗಿಯಡಿ ಬಿಡುಗಡೆಯಾಗಿರುವುದರಿಂದ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರುವ ಸರಕಿನೊಳಗೂ ಸೇರಿಸಬಹುದು.

ಇದರ ಮುಖ್ಯ ಆಜ್ಞೆಗಳು ಎರಡು. ಪುಟವನ್ನು ಅಥವಾ ಕಡತವನ್ನು ತರಲು ‘ಗೆಟ್’. ಫಾರ್ಮ್ ತುಂಬಿ ಕಳಿಸಲು ‘ಪೋಸ್ಟ್’. ಉತ್ತರವಾಗಿ ಬರುವ ವಸ್ತುವಿನಲ್ಲಿ ಸ್ಥಿತಿ ಸಂಖ್ಯೆ, ಶಿರೋಭಾಗದ ವಿವರ, ಪಠ್ಯ ಎಲ್ಲವೂ ಇರುತ್ತವೆ. ಸರ್ವರ್ ಜೇಸನ್ ರೂಪದಲ್ಲಿ ಡೇಟಾ ಕೊಟ್ಟಿದ್ದರೆ ಒಂದೇ ಕರೆಯಲ್ಲಿ ಅದನ್ನು ಪೈಥಾನ್‌ನ ಪಟ್ಟಿ, ಕೋಶಗಳಾಗಿ ಪರಿವರ್ತಿಸಿಕೊಳ್ಳಬಹುದು.

ಹುಟ್ಟಿದ್ದು ಹೇಗೆ?

ಪೈಥಾನ್ ಭಾಷೆಯನ್ನು ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದರು. ‘ಎಲ್ಲಾ ಸಾಮಾನು ಡಬ್ಬಿಯೊಳಗೇ ಇದೆ’ ಅನ್ನುವುದು ಅದರ ಹೆಗ್ಗಳಿಕೆ. ಜಾಲದ ಕೆಲಸಕ್ಕೂ ಯುಆರ್‌ಎಲ್‌ಲಿಬ್, ಯುಆರ್‌ಎಲ್‌ಲಿಬ್2 ಎಂಬ ಲೈಬ್ರರಿಗಳು ಜೊತೆಗೇ ಬರುತ್ತಿದ್ದವು. ಆದರೆ ಅವುಗಳಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಂದು ಪುಟ ತೆರೆಯಬೇಕಾದರೆ ಪಾಸ್‌ವರ್ಡ್ ಮ್ಯಾನೇಜರ್ ಒಂದನ್ನು ಕಟ್ಟಿ, ಅದನ್ನು ಹ್ಯಾಂಡ್ಲರ್‌ಗೆ ಕೊಟ್ಟು, ಹ್ಯಾಂಡ್ಲರ್‌ನಿಂದ ಓಪನರ್ ಮಾಡಿ, ಆಮೇಲೆ ಪುಟ ತೆರೆಯಬೇಕು. ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿಗೆ ನಾಲ್ಕು ಟೇಬಲ್ ಸುತ್ತಿದ ಹಾಗೆ.

2011ರ ಫೆಬ್ರುವರಿಯಲ್ಲಿ ಅಮೆರಿಕದ ಪ್ರೋಗ್ರಾಮರ್ ಕೆನೆತ್ ರೈಟ್ಜ್ ರಿಕ್ವೆಸ್ಟ್ಸ್‌ನ ಮೊದಲ ಆವೃತ್ತಿ ಬಿಡುಗಡೆ ಮಾಡಿದರು. ಅದರ ಘೋಷವಾಕ್ಯದ ಅರ್ಥ ‘ಮನುಷ್ಯರಿಗಾಗಿ ಎಚ್‌ಟಿಟಿಪಿ’. ಅದೇ ಪಾಸ್‌ವರ್ಡ್ ಕೆಲಸ ಇಲ್ಲಿ ಒಂದೇ ಸಾಲಿಗೆ ಇಳಿಯಿತು. ಮುಂದೆ ಪೈಥಾನ್‌ನ ಅಧಿಕೃತ ದಾಖಲೆಯೇ ತನ್ನ ಸ್ವಂತ ಲೈಬ್ರರಿಯ ಪುಟದಲ್ಲಿ, ಸುಲಭದ ದಾರಿ ಬೇಕಿದ್ದರೆ ರಿಕ್ವೆಸ್ಟ್ಸ್ ಬಳಸಿ ಎಂದು ಶಿಫಾರಸು ಮಾಡಿತು. ಹಾಗಾದರೆ ಪೈಥಾನ್ ಒಳಗೇ ಸೇರಿಸಬಹುದಿತ್ತಲ್ಲ? ಆ ಚರ್ಚೆ 2015ರಲ್ಲಿ ನಡೆದು, ಬೇಡ ಎಂದೇ ತೀರ್ಮಾನವಾಯಿತು. ಭದ್ರತೆಯ ದೋಷ ಸಿಕ್ಕರೆ ತಕ್ಷಣ ಹೊಸ ಆವೃತ್ತಿ ಬಿಡಬೇಕು, ಪೈಥಾನ್‌ನ ನಿಧಾನದ ಬಿಡುಗಡೆಗೆ ಕಾಯುತ್ತಾ ಕೂರಲಾಗದು ಎಂಬುದು ಅದಕ್ಕೆ ಮುಖ್ಯ ಕಾರಣ.

ಇವತ್ತು ತಿಂಗಳಿಗೆ ಹತ್ತಾರು ಕೋಟಿ ಬಾರಿ ಇದು ಡೌನ್‌ಲೋಡ್ ಆಗುತ್ತದೆ. ಅದರಲ್ಲಿ ದೊಡ್ಡ ಪಾಲು ಮನುಷ್ಯರದ್ದಲ್ಲ, ತಾವೇ ತಾವಾಗಿ ಪ್ರೋಗ್ರಾಮ್ ಜೋಡಿಸುವ ಯಂತ್ರಗಳದ್ದು. ಆದರೂ ಎಷ್ಟು ವ್ಯವಸ್ಥೆಗಳು ಇದರ ಮೇಲೆ ನಿಂತಿವೆ ಎನ್ನುವುದಕ್ಕೆ ಅದು ಸೂಚನೆ.

ಆ ಒಂದು ಸಾಲಿನ ಹಿಂದೆ

ನೀವು ‘ಗೆಟ್’ ಎಂದು ಬರೆದಾಗ ರಿಕ್ವೆಸ್ಟ್ಸ್ ಎಲ್ಲಾ ಕೆಲಸವನ್ನೂ ತಾನೇ ಮಾಡುವುದಿಲ್ಲ. ಅದು ಮೇಲ್ಪದರ ಮಾತ್ರ. ಅದರ ಕೆಳಗೆ ಯುಆರ್‌ಎಲ್‌ಲಿಬ್3 ಇದೆ. ಹೆಸರು ಹಳೆಯ ಲೈಬ್ರರಿಗಳ ಸಾಲಿನಲ್ಲೇ ಇದ್ದರೂ ಇದು ಪೈಥಾನ್‌ನ ಭಾಗವಲ್ಲ, ಆಂಡ್ರೆ ಪೆಟ್ರೋವ್ 2008ರಲ್ಲಿ ಶುರು ಮಾಡಿದ ಬೇರೆಯೇ ಯೋಜನೆ. ಸಂಪರ್ಕಗಳನ್ನು ತೆರೆಯುವುದು, ಮುಚ್ಚುವುದು, ಮತ್ತೆ ಬಳಸಲು ಇಟ್ಟುಕೊಳ್ಳುವುದು ಇದರ ಕೆಲಸ. ಅದರ ಕೆಳಗೆ ಪೈಥಾನ್‌ನ ಸ್ವಂತ ಎಚ್‌ಟಿಟಿಪಿ ಭಾಗ, ಇನ್ನೂ ಕೆಳಗೆ ಸಾಕೆಟ್ ಮತ್ತು ಆಪರೇಟಿಂಗ್ ಸಿಸ್ಟಮ್.

ಕ್ರಮ ಹೀಗಿದೆ. ಮೊದಲು ಜಾಲತಾಣದ ಹೆಸರನ್ನು ಐಪಿ ಸಂಖ್ಯೆಯಾಗಿ ಹುಡುಕಬೇಕು. ಆಮೇಲೆ ಆ ಯಂತ್ರದ ಜೊತೆ ಟಿಸಿಪಿ ಸಂಪರ್ಕ. ಆಮೇಲೆ ‘ನೀನು ನಿಜವಾಗಿ ನೀನೇನಾ’ ಎಂದು ಪ್ರಮಾಣಪತ್ರ ಪರೀಕ್ಷಿಸಿ ಗೂಢಲಿಪಿಯ ಒಪ್ಪಂದ. ಇಷ್ಟೆಲ್ಲಾ ಆದ ಮೇಲೆ ನಿಮ್ಮ ಪ್ರಶ್ನೆ ಹೊರಡುತ್ತದೆ. ಒಂದೇ ಸರ್ವರ್‌ನಿಂದ ಸಾವಿರ ಪುಟ ತರುವಾಗ ಪ್ರತಿ ಸಲವೂ ಈ ಶಿಷ್ಟಾಚಾರ ಮಾಡಿದರೆ ನಿಮಗೂ ಸಮಯ ದಂಡ, ಸರ್ವರ್‌ಗೂ ಹೊರೆ. ಅದಕ್ಕೇ ‘ಸೆಷನ್’ ಎಂಬ ವ್ಯವಸ್ಥೆ ಇದೆ. ಸೆಷನ್ ತೆರೆದರೆ ಒಮ್ಮೆ ಕಟ್ಟಿದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸುತ್ತದೆ, ಕುಕಿಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಲಾಗಿನ್ ಇರುವ ತಾಣಗಳಿಗೆ ಇದಿಲ್ಲದೆ ಆಗುವುದೇ ಇಲ್ಲ.

ಸರ್ವರ್ ಏನು ಹೇಳಿತು?

ಉತ್ತರದ ಜೊತೆ ಮೂರಂಕಿಯ ಒಂದು ಸಂಖ್ಯೆ ಬರುತ್ತದೆ. 200 ಅಂದರೆ ಸರಿ. 301 ಅಂದರೆ ಪುಟ ಕಾಯಂ ಬೇರೆ ಕಡೆ ಹೋಗಿದೆ. 403 ಅಂದರೆ ನಿಮಗೆ ಪ್ರವೇಶವಿಲ್ಲ. 404 ಅಂದರೆ ಪುಟವೇ ಇಲ್ಲ. 429 ಅಂದರೆ ‘ತುಂಬಾ ಸಲ ಕೇಳ್ತಿದ್ದೀಯ, ತಡಿ’. 500ರ ಸರಣಿ ಅಂದರೆ ತಪ್ಪು ಸರ್ವರ್ ಕಡೆಯದು, ಅದರಲ್ಲಿ 503 ಬಂದರೆ ಸದ್ಯಕ್ಕೆ ಸೇವೆ ಇಲ್ಲ.

ಇಲ್ಲೊಂದು ಎಚ್ಚರಿಕೆ. 404 ಬಂದರೂ 500 ಬಂದರೂ ರಿಕ್ವೆಸ್ಟ್ಸ್ ತಾನಾಗಿ ಕೂಗುವುದಿಲ್ಲ. ಉತ್ತರ ಬಂತು, ತಗೋ ಎಂದು ನಿಮ್ಮ ಕೈಗಿಡುತ್ತದೆ. ‘ರೈಸ್ ಫಾರ್ ಸ್ಟೇಟಸ್’ ಎಂಬ ಕರೆಯನ್ನು ನೀವೇ ಸೇರಿಸಿದರೆ ಮಾತ್ರ ತಪ್ಪಿದ್ದಲ್ಲಿ ಪ್ರೋಗ್ರಾಮ್ ನಿಲ್ಲುತ್ತದೆ. ಸೇರಿಸದಿದ್ದರೆ ಏನಾಗುತ್ತೆ? ಇನ್ನೂರು ಪಂಚಾಯಿತಿಗಳಲ್ಲಿ ಮೂವತ್ತರ ಪುಟ ‘ಸೇವೆ ಇಲ್ಲ’ ಎಂದು ಬಂದು, ನಿಮ್ಮ ಪಟ್ಟಿಯಲ್ಲಿ ಅವು ಖಾಲಿಯಾಗಿ ಕೂರುತ್ತವೆ. ಆ ಖಾಲಿಯನ್ನು ಸೊನ್ನೆ ಎಂದು ಓದಿ, ‘ಮೂವತ್ತು ಪಂಚಾಯಿತಿಗಳಲ್ಲಿ ಒಂದು ದಿನದ ಕೆಲಸವೂ ಇಲ್ಲ’ ಎಂಬ ಶೀರ್ಷಿಕೆ ಬರೆದರೆ ಅದು ಸುಳ್ಳು ಸುದ್ದಿ. ಹಾಗಾಗಿ ಡೇಟಾ ವರದಿ ಮಾಡುವವರು ಎಷ್ಟು ಪುಟ ಕೇಳಿದೆವು, ಎಷ್ಟು ಬಂದವು, ಯಾವುದು ಬರಲಿಲ್ಲ ಎಂಬ ಲೆಕ್ಕವನ್ನು ಪ್ರತ್ಯೇಕವಾಗಿ ಇಡಲೇಬೇಕು.

ಡೀಫಾಲ್ಟ್‌ಗಳ ರಾಜಕೀಯ

ನೀವು ಏನೂ ಹೇಳದಿದ್ದಾಗ ಉಪಕರಣ ಏನು ಮಾಡುತ್ತದೆ ಎಂಬುದೇ ಡೀಫಾಲ್ಟ್. ಬಹುತೇಕರು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಡೀಫಾಲ್ಟ್ ಆರಿಸುವವರು ಲಕ್ಷಾಂತರ ಜನರ ಪರವಾಗಿ ನಿರ್ಧಾರ ತೆಗೆದುಕೊಳ್ಳುತ್ತಾರೆ. ರಿಕ್ವೆಸ್ಟ್ಸ್‌ನಲ್ಲಿ ಗಮನಿಸಬೇಕಾದ್ದು ನಾಲ್ಕು.

ಒಂದು, ಕಾಯುವ ಮಿತಿ. ಟೈಮ್‌ಔಟ್ ಎಷ್ಟು ಎಂದು ನೀವು ಹೇಳದಿದ್ದರೆ ಮಿತಿಯೇ ಇಲ್ಲ. ಸರ್ವರ್ ಸಂಪರ್ಕ ಒಪ್ಪಿಕೊಂಡು ಮೌನವಾದರೆ ನಿಮ್ಮ ಪ್ರೋಗ್ರಾಮ್ ರಾತ್ರಿಯಿಡೀ ಕಾಯುತ್ತಾ ಕೂರುತ್ತೆ. ಪ್ರತಿ ಕರೆಯಲ್ಲೂ ಟೈಮ್‌ಔಟ್ ಕೊಡಿ, ಹತ್ತು ಸೆಕೆಂಡಾದರೂ ಸರಿ. ಅದು ಇಡೀ ಡೌನ್‌ಲೋಡ್‌ಗೆ ಹಾಕಿದ ಗಡುವಲ್ಲ ಎಂಬುದೂ ನೆನಪಿರಲಿ. ಸಂಪರ್ಕ ಸಿಗುವವರೆಗೆ ಎಷ್ಟು ಕಾಯಬೇಕು, ಆಮೇಲೆ ಬೈಟುಗಳ ನಡುವಿನ ಮೌನ ಎಷ್ಟು ಸಹಿಸಬೇಕು, ಇಷ್ಟಕ್ಕೇ ಅದರ ವ್ಯಾಪ್ತಿ.

ಎರಡು, ಮರುಪ್ರಯತ್ನ. ಡೀಫಾಲ್ಟ್ ಆಗಿ ಸೊನ್ನೆ. ಬೇಕಿದ್ದರೆ ಯುಆರ್‌ಎಲ್‌ಲಿಬ್3ರ ‘ರೀಟ್ರೈ’ ಅನ್ನು ಸೆಷನ್‌ಗೆ ಜೋಡಿಸಬೇಕು. ಅದರಲ್ಲಿ ಪ್ರತಿ ಸೋಲಿನ ನಂತರ ಬಿಡುವನ್ನು ದುಪ್ಪಟ್ಟು ಮಾಡುತ್ತಾ ಹೋಗುವ ವ್ಯವಸ್ಥೆ ಇದೆ. ಇಷ್ಟು ಹೊತ್ತು ಬಿಟ್ಟು ಬಾ ಎಂದು ಸರ್ವರ್ ಹೇಳಿದರೆ ಅದನ್ನೂ ಪಾಲಿಸುತ್ತದೆ.

ಮೂರು, ದಾರಿ ಬದಲಾವಣೆ. ಪುಟ ಬೇರೆಡೆ ಹೋಗಿದೆ ಎಂದು ಸರ್ವರ್ ಹೇಳಿದರೆ ‘ಗೆಟ್’ ತಾನಾಗಿ ಅಲ್ಲಿಗೆ ಹೋಗುತ್ತದೆ, 30 ಸಲದವರೆಗೆ. ಈ ಅನುಕೂಲದಿಂದಲೇ 2018ರಲ್ಲಿ ಒಂದು ಭದ್ರತಾ ದೋಷ ಬಯಲಾಯಿತು. ಸುರಕ್ಷಿತ ವಿಳಾಸದಿಂದ ಅದೇ ತಾಣದ ಅಸುರಕ್ಷಿತ ವಿಳಾಸಕ್ಕೆ ದಾರಿ ತಿರುಗಿದಾಗ ಲಾಗಿನ್ ಗುರುತೂ ತೆರೆದ ಜಾಲದಲ್ಲಿ ಹೋಗುತ್ತಿತ್ತು. 2.20.0 ಆವೃತ್ತಿಯಲ್ಲಿ ಸರಿಪಡಿಸಿದರು.

ನಾಲ್ಕು, ಪ್ರಮಾಣಪತ್ರದ ಪರೀಕ್ಷೆ. ಇದು ಮಾತ್ರ ಡೀಫಾಲ್ಟ್ ಆಗಿ ಚಾಲೂ ಇರುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಪೈಥಾನ್‌ನ ಸ್ವಂತ ಲೈಬ್ರರಿ ಈ ಪರೀಕ್ಷೆಯನ್ನು ಡೀಫಾಲ್ಟ್ ಮಾಡಿದ್ದು 2014ರ ಡಿಸೆಂಬರ್‌ನಲ್ಲಿ ಬಂದ 2.7.9 ಆವೃತ್ತಿಯಿಂದ. ಅಲ್ಲಿಯವರೆಗೆ ವಿಳಾಸದ ಮುಂದೆ ಬೀಗದ ಚಿಹ್ನೆಯ ಭರವಸೆ ಇದ್ದರೂ, ಆ ಕಡೆ ಇರುವವರು ಯಾರು ಎಂದು ಅದು ವಿಚಾರಿಸುತ್ತಲೇ ಇರಲಿಲ್ಲ.

ಯಾರನ್ನು ನಂಬಬೇಕು? 2014ರ ಒಂದು ಪಾಠ

ಪ್ರಮಾಣಪತ್ರ ನಿಜವೋ ಸುಳ್ಳೋ ಎಂದು ತಿಳಿಯಲು ನಂಬಿಕಸ್ಥ ಸಂಸ್ಥೆಗಳ ಒಂದು ಪಟ್ಟಿ ಬೇಕು. ರಿಕ್ವೆಸ್ಟ್ಸ್ ಇದನ್ನು ‘ಸರ್ಟಿಫೈ’ ಎಂಬ ಪ್ಯಾಕೇಜಿನಿಂದ ಪಡೆಯುತ್ತದೆ. ಸರ್ಟಿಫೈ ಅದನ್ನು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದಿಂದ ಪಡೆಯುತ್ತದೆ.

2014ರ ಜುಲೈನಲ್ಲಿ ಗೂಗಲ್ ಒಂದು ಸಂಗತಿ ಬಹಿರಂಗಪಡಿಸಿತು. ಭಾರತದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಪ್ರಮಾಣಪತ್ರ ವಿಭಾಗದಿಂದ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಅಂಥ ಪ್ರಮಾಣಪತ್ರ ಕೈಯಲ್ಲಿದ್ದವರು ನಡುವೆ ಕೂತು, ತಾನೇ ಗೂಗಲ್ ಎಂದು ನಂಬಿಸಿ ಸಂಭಾಷಣೆ ಓದಬಹುದು. ಭಾರತದ ಮೂಲ ಪ್ರಾಧಿಕಾರವನ್ನು ಮೈಕ್ರೋಸಾಫ್ಟ್‌ನ ಪಟ್ಟಿ ನಂಬಿತ್ತು, ಹಾಗಾಗಿ ವಿಂಡೋಸ್‌ನ ಹಲವು ಪ್ರೋಗ್ರಾಮ್‌ಗಳಿಗೆ ಅಪಾಯವಿತ್ತು. ಮೊಜಿಲ್ಲಾ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಫೈರ್‌ಫಾಕ್ಸ್ ಬಚಾವಾಯಿತು, ಅದೇ ಪಟ್ಟಿ ಬಳಸುವ ಉಪಕರಣಗಳೂ ಬಚಾವಾದವು. ಬೀಗ ಗಟ್ಟಿ ಇದ್ದರೆ ಸಾಲದು, ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದೂ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ನೀವು ಹಲವು ಸರ್ಕಾರಿ ತಾಣಗಳಿಗೆ ರಿಕ್ವೆಸ್ಟ್ಸ್ ಕಳಿಸಿದರೆ ಪ್ರಮಾಣಪತ್ರದ ದೋಷ ಎದುರಾಗಬಹುದು. ಬ್ರೌಸರ್‌ನಲ್ಲಿ ತೆರೆಯುತ್ತೆ, ಕೋಡ್‌ನಲ್ಲಿ ತೆರೆಯಲ್ಲ. ಸಾಮಾನ್ಯ ಕಾರಣ ಇದು: ಸರ್ವರ್ ತನ್ನ ಪ್ರಮಾಣಪತ್ರದ ಜೊತೆ ಕಳಿಸಬೇಕಾದ ಮಧ್ಯದ ಕೊಂಡಿಯನ್ನು ಕಳಿಸುತ್ತಿಲ್ಲ. ಬ್ರೌಸರ್‌ಗಳು ಆ ಕೊಂಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ರಿಕ್ವೆಸ್ಟ್ಸ್ ಹುಡುಕುವುದಿಲ್ಲ. ಆಗ ಎಲ್ಲರೂ ಕೊಡುವ ಸಲಹೆ ‘ವೆರಿಫೈ ಫಾಲ್ಸ್’ ಹಾಕು, ಅಂದರೆ ಪರೀಕ್ಷೆಯನ್ನೇ ಆರಿಸು. ಹಾಗೆ ಮಾಡಬೇಡಿ. ನೀವು ತಂದ ಲೆಕ್ಕ ನಿಜವಾಗಿ ಆ ಇಲಾಖೆಯದ್ದೇ ಎನ್ನಲು ಆಮೇಲೆ ಆಧಾರ ಇರುವುದಿಲ್ಲ. ಬ್ರೌಸರ್‌ನಿಂದ ಆ ಮಧ್ಯದ ಪ್ರಮಾಣಪತ್ರ ಇಳಿಸಿಕೊಂಡು, ನಂಬಿಕೆಯ ಪಟ್ಟಿಯ ಪ್ರತಿಗೆ ಸೇರಿಸಿ, ಆ ಕಡತದ ದಾರಿಯನ್ನು ‘ವೆರಿಫೈ’ಗೆ ಕೊಡಿ. ಹತ್ತು ನಿಮಿಷದ ಕೆಲಸ. ಇನ್ನೊಂದು ವಿಷಯ: ಹಳೆಯ ಆವೃತ್ತಿಗಳಲ್ಲಿ ಒಂದು ಸೆಷನ್‌ನ ಮೊದಲ ಕರೆಯಲ್ಲಿ ಪರೀಕ್ಷೆ ಆರಿಸಿದರೆ, ಅದೇ ಸರ್ವರ್‌ಗೆ ಹೋಗುವ ಮುಂದಿನ ಕರೆಗಳಲ್ಲಿ ಚಾಲೂ ಮಾಡಿದರೂ ಆರಿಯೇ ಇರುತ್ತಿತ್ತು. 2024ರ ಮೇ ತಿಂಗಳಲ್ಲಿ 2.32.0ರಲ್ಲಿ ಇದನ್ನು ತಿದ್ದಿದರು. ಆವೃತ್ತಿ ನವೀಕರಿಸಿಕೊಳ್ಳಿ ಎಂದು ಹೇಳುವುದು ಇದಕ್ಕೇ.

ಕನ್ನಡ ಯಾಕೆ ಚಿತ್ರಾನ್ನ ಆಗುತ್ತೆ?

ಕನ್ನಡ ಪುಟ ತಂದಾಗ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುವುದನ್ನು ನೋಡಿದವರು ಬಹಳ. ಕಾರಣ ಸರಳ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಕ, ನ, ವಿರಾಮ ಚಿಹ್ನೆ, ನ, ಡ ಎಂದು 5 ಸಂಕೇತ, 15 ಬೈಟ್. ಈ ಬೈಟುಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಎಂದು ಸರ್ವರ್ ತನ್ನ ಶಿರೋಭಾಗದಲ್ಲಿ ಹೇಳಬೇಕು. ಹೇಳದಿದ್ದರೆ, ಪಠ್ಯದ ಪುಟಗಳನ್ನು ರಿಕ್ವೆಸ್ಟ್ಸ್ ಐಎಸ್ಒ-8859-1 ಎಂದು ಭಾವಿಸುತ್ತದೆ. ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ ಪದ್ಧತಿ, ಒಂದು ಬೈಟಿಗೆ ಒಂದು ಅಕ್ಷರ. ನಮ್ಮ 15 ಬೈಟ್ ಅಲ್ಲಿ 15 ಕಸದ ಅಕ್ಷರಗಳಾಗುತ್ತವೆ.

ಪುಟದ ಒಳಗೆ ‘ಇದು ಯುಟಿಎಫ್-8’ ಎಂದು ಬರೆದಿದ್ದರೂ ರಿಕ್ವೆಸ್ಟ್ಸ್ ಅದನ್ನು ನೋಡುವುದಿಲ್ಲ, ಬ್ರೌಸರ್ ನೋಡುತ್ತದೆ. ಎಚ್‌ಟಿಟಿಪಿಯ ಹಳೆಯ ನಿಯಮದಲ್ಲಿ ಈ ಊಹೆ ಇತ್ತು. 2014ರ ಪರಿಷ್ಕರಣೆಯಲ್ಲಿ ಕೈಬಿಟ್ಟರು. ಲೈಬ್ರರಿ ಮಾತ್ರ ಹಳೆಯ ಪ್ರೋಗ್ರಾಮ್‌ಗಳು ಮುರಿಯಬಾರದೆಂದು ಉಳಿಸಿಕೊಂಡಿದೆ. ಇಂಗ್ಲಿಷ್ ಪುಟಗಳಲ್ಲಿ ಈ ದೋಷ ಕಾಣುವುದೇ ಅಪರೂಪ. ಅದಕ್ಕೇ ಇದು ಇಷ್ಟು ವರ್ಷ ಬದುಕಿದೆ ಎಂಬುದು ನನ್ನ ಅಭಿಪ್ರಾಯ. ಉಪಾಯ ಒಂದೇ ಸಾಲು: ಪಠ್ಯ ಓದುವ ಮೊದಲು ‘ಎನ್‌ಕೋಡಿಂಗ್’ ಅನ್ನು ಯುಟಿಎಫ್-8 ಎಂದು ನೀವೇ ಹೇಳಿ.

ಅದಾದ ಮೇಲೂ ಕಸವೇ ಬಂದರೆ ಪುಟ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿರಬಹುದು. ಆ ಕಾಲದ ಕಡತಗಳಲ್ಲಿ ಇರುವುದು ಕನ್ನಡದ ವೇಷ ತೊಟ್ಟ ರೋಮನ್ ಸಂಕೇತಗಳು. ಅದಕ್ಕೆ ಪ್ರತ್ಯೇಕ ಪರಿವರ್ತಕ ಬೇಕು, ರಿಕ್ವೆಸ್ಟ್ಸ್ ಏನೂ ಮಾಡಲಾರದು.

ಕೋವಿನ್: ಕೋಡ್ ಇದ್ದವರಿಗೆ ಲಸಿಕೆ

2021ರ ಮೇ 1ರಿಂದ 18ರಿಂದ 44 ವಯಸ್ಸಿನವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಕೋವಿನ್‌ನಲ್ಲಿ ಮುಂಗಡ ಬುಕಿಂಗ್ ಕಡ್ಡಾಯ. ಲಸಿಕೆ ಕಡಿಮೆ, ಜನ ಹೆಚ್ಚು. ಖಾಲಿ ಸ್ಲಾಟ್ ಕಂಡ ಕೆಲವೇ ಕ್ಷಣಗಳಲ್ಲಿ ಮಾಯ. ಸರ್ಕಾರ ಸ್ಲಾಟ್ ಮಾಹಿತಿಯನ್ನು ಎಪಿಐ ಮೂಲಕ ಸಾರ್ವಜನಿಕರಿಗೆ ತೆರೆದಿತ್ತು. ದೇಶದ ಎಲ್ಲೆಡೆ ಪ್ರೋಗ್ರಾಮರ್‌ಗಳು ಸ್ಕ್ರಿಪ್ಟ್ ಬರೆದರು. ಕೆಲವು ಸೆಕೆಂಡಿಗೊಮ್ಮೆ ಸರ್ವರ್ ಕೇಳುವುದು, ಸ್ಲಾಟ್ ಸಿಕ್ಕರೆ ಟೆಲಿಗ್ರಾಂನಲ್ಲಿ ಸಂದೇಶ ಕಳಿಸುವುದು. ಎಷ್ಟೋ ಜನ ಸ್ನೇಹಿತರಿಗೆ, ಅಪರಿಚಿತರಿಗೆ ಪುಕ್ಕಟೆ ಸಹಾಯ ಮಾಡಿದರು. ಅದು ಒಳ್ಳೆಯದೇ.

ಆದರೆ ಸ್ಲಾಟ್‌ಗಳ ಒಟ್ಟು ಸಂಖ್ಯೆ ಸ್ಕ್ರಿಪ್ಟ್‌ನಿಂದ ಹೆಚ್ಚಾಗಲಿಲ್ಲ. ಟೆಲಿಗ್ರಾಂ ಇದ್ದವರು ಮುಂದೆ ಹೋದರು, ಕೀಪ್ಯಾಡ್ ಫೋನ್ ಇದ್ದವರು ಹಿಂದೆ ಉಳಿದರು. ನಗರದವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹೋದರು, ಆ ಊರಿನವರೇ ಹೊರಗೆ ನಿಂತರು. ಸರ್ಕಾರ ಮೇ ತಿಂಗಳಲ್ಲೇ ಎಪಿಐ ಬಿಗಿ ಮಾಡಿತು. ಒಂದು ಐಪಿಯಿಂದ 5 ನಿಮಿಷಕ್ಕೆ 100 ಕರೆ ಮಾತ್ರ, ಮಾಹಿತಿ 30 ನಿಮಿಷದಷ್ಟು ಹಳೆಯದಿರಬಹುದು. ವಿದೇಶಿ ಸರ್ವರ್‌ಗಳಿಂದ ಕೇಳಿದವರಿಗೆ 403 ಬಂತು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟಿತು. ಡಿಜಿಟಲ್ ಪೋರ್ಟಲ್ ಒಂದನ್ನೇ ನೆಚ್ಚಿಕೊಂಡರೆ ಹಿಂದುಳಿದವರು ಹೊರಗುಳಿಯುತ್ತಾರೆ ಎಂಬ ಕಳವಳವನ್ನು ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ದಾಖಲಿಸಿತು.

ಇದರಲ್ಲಿ ನನಗೆ ಕಾಣುವುದು: ಜನರ ಲೆಕ್ಕ ಕೇಳಲು ಬಳಸಿದ ಕೋಡ್‌ಗೂ ಕೊರತೆ ಇರುವ ಸರಕಿನ ಸಾಲಿನಲ್ಲಿ ಮುಂದೆ ನುಗ್ಗಲು ಬಳಸಿದ ಕೋಡ್‌ಗೂ ತಾಂತ್ರಿಕವಾಗಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ, ಅದಕ್ಕಿಂತ ಹೆಚ್ಚಾಗಿ ಪರಿಣಾಮದಲ್ಲಿ.

ಎಲ್ಲಿಗೆ ನಿಲ್ಲುತ್ತದೆ?

ರಿಕ್ವೆಸ್ಟ್ಸ್ ಕಡತವನ್ನು ತರುತ್ತದೆ, ಅಷ್ಟೇ. ಒಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಪುಟದಿಂದ ಕೋಷ್ಟಕ ಬಿಡಿಸಲು ಬ್ಯೂಟಿಫುಲ್ ಸೂಪ್‌ನಂಥ ಬೇರೆ ಲೈಬ್ರರಿ ಬೇಕು. ಜಾವಾಸ್ಕ್ರಿಪ್ಟ್ ಓಡಿದ ಮೇಲೆಯೇ ಕಾಣುವ ಪುಟಗಳಿಗೆ ಸೆಲೆನಿಯಂ, ಪ್ಲೇರೈಟ್ ಬೇಕು.

ಅದಕ್ಕೂ ದೊಡ್ಡ ಗೋಡೆ ತಾಂತ್ರಿಕವಲ್ಲ. ಮತದಾರರ ಪಟ್ಟಿಯನ್ನು ನೋಡಿ. ಅದು ಸಾರ್ವಜನಿಕ ದಾಖಲೆ. ಆದರೆ ಜಾಲತಾಣದಲ್ಲಿ ಸಿಗುವ ಪಿಡಿಎಫ್‌ನ ಒಳಗೆ ಇರುವುದು ಪುಟದ ಚಿತ್ರ, ಹುಡುಕಬಹುದಾದ ಪಠ್ಯವಲ್ಲ. ಹುಡುಕಲು ಬರುವ ರೂಪದಲ್ಲಿ ಕೊಡಿ ಎಂದು ಕಮಲ್ ನಾಥ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಮತದಾರರ ಖಾಸಗಿತನ ಚುನಾವಣಾ ಆಯೋಗದ ವಾದವಾಗಿತ್ತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಬೆಂಗಳೂರಿನ ಮಹದೇವಪುರ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂದು ಆರೋಪಿಸಿದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಆಯೋಗ ಆರೋಪವನ್ನು ಅಲ್ಲಗಳೆಯಿತು. ಯಾರ ವಾದ ಸರಿ ಎನ್ನುವುದು ಬೇರೆ ಲೇಖನದ ವಿಷಯ. ಇಲ್ಲಿ ಹೇಳಬೇಕಾದ್ದು ಇಷ್ಟೇ: ಪರಿಶೀಲಿಸಲು ಆಗದ ರೂಪದಲ್ಲಿ ಮಾಹಿತಿ ಕೊಟ್ಟರೆ ಆರೋಪ ಮಾಡುವವರಿಗೂ ಅಲ್ಲಗಳೆಯುವವರಿಗೂ ಪುರಾವೆ ಒದಗಿಸುವ ದಾರಿ ಕಿರಿದಾಗುತ್ತದೆ.

ಕಾನೂನು, ಮತ್ತು ಮರ್ಯಾದೆ

2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4 ಇಲಾಖೆಗಳು ಕೇಳದೆಯೇ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. ಸೆಕ್ಷನ್ 2(ಜೆ) ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಪಡೆಯುವುದನ್ನೂ ಹಕ್ಕಿನ ಭಾಗವೆಂದು ಗುರುತಿಸುತ್ತದೆ. ಇನ್ನೊಂದು ಕಡೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43 ಕಂಪ್ಯೂಟರಿನ ಒಡೆಯರ ಅನುಮತಿ ಇಲ್ಲದೆ ಡೇಟಾ ಇಳಿಸಿಕೊಳ್ಳುವುದು, ನಕಲಿಸುವುದು ತಪ್ಪು ಎನ್ನುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರಡಿ ಅದು ಅಪರಾಧ. ಈ ಎರಡರ ನಡುವೆ ಪತ್ರಕರ್ತರು, ಸಂಶೋಧಕರು, ಕಾರ್ಯಕರ್ತರು ನಡೆಯುತ್ತಿದ್ದಾರೆ. ಅಮೆರಿಕದಲ್ಲಿ ಆರನ್ ಸ್ವಾರ್ಟ್ಜ್ ಪೈಥಾನ್ ಸ್ಕ್ರಿಪ್ಟ್ ಬಳಸಿ ಜೆಸ್ಟೋರ್‌ನ ಸಂಶೋಧನಾ ಲೇಖನಗಳನ್ನು ರಾಶಿಯಾಗಿ ಇಳಿಸಿಕೊಂಡಿದ್ದಕ್ಕೆ 2011ರಲ್ಲಿ ಕ್ರಿಮಿನಲ್ ಮೊಕದ್ದಮೆ ಎದುರಿಸಿದರು. ವಿಚಾರಣೆ ನಡೆಯುವ ಮೊದಲೇ, 2013ರ ಜನವರಿಯಲ್ಲಿ, 26ನೇ ವಯಸ್ಸಿನಲ್ಲಿ ಸಾವಿಗೆ ಶರಣಾದರು.

ಹಾಗಾಗಿ ಕೆಲವು ನಿಯಮ ಇಟ್ಟುಕೊಳ್ಳಿ. ಲಾಗಿನ್, ಕ್ಯಾಪ್ಚಾ ಇದ್ದಲ್ಲಿ ಮುರಿಯಲು ಹೋಗಬೇಡಿ, ಆರ್‌ಟಿಐ ಅರ್ಜಿ ಹಾಕಿ. ರೋಬೋಟ್ಸ್ ಕಡತವನ್ನು ಮೊದಲು ಓದಿ. 1994ರಿಂದ ರೂಢಿಯಲ್ಲಿರುವ ಈ ಸೌಜನ್ಯಕ್ಕೆ 2022ರಲ್ಲಿ ಅಧಿಕೃತ ಮಾನಕವೂ ಬಂತು, ರಿಕ್ವೆಸ್ಟ್ಸ್ ಅದನ್ನು ತಾನಾಗಿ ನೋಡುವುದಿಲ್ಲ. ಕರೆಗಳ ನಡುವೆ ಬಿಡುವು ಕೊಡಿ. ಪಿಂಚಣಿ ಸ್ಥಿತಿ ನೋಡಲು ಬಂದ ಅಜ್ಜಿಗೂ ಅದೇ ಸರ್ವರ್ ಉತ್ತರಿಸಬೇಕು. ಏನೂ ಹೇಳದಿದ್ದರೆ ರಿಕ್ವೆಸ್ಟ್ಸ್ ತನ್ನ ಹೆಸರು, ಆವೃತ್ತಿಯನ್ನಷ್ಟೇ ಗುರುತಾಗಿ ಕಳಿಸುತ್ತದೆ. ಅದರ ಬದಲು ನಿಮ್ಮ ಸಂಸ್ಥೆಯ ಹೆಸರು, ಇಮೇಲ್ ಸೇರಿಸಿ. ತಂದ ಪುಟವನ್ನು ಮೂಲರೂಪದಲ್ಲೇ, ದಿನಾಂಕದ ಜೊತೆ ಉಳಿಸಿಡಿ. ನಾಳೆ ಇಲಾಖೆ ಪುಟ ಬದಲಿಸಿದರೆ ನಿಮ್ಮ ಬಳಿ ಇರುವುದು ಅದೊಂದೇ. ಜನರ ಹೆಸರು, ಫೋನ್, ಬ್ಯಾಂಕ್ ಖಾತೆ ಸಿಕ್ಕರೆ ಅದನ್ನು ಹಂಚಬೇಡಿ. ಸರ್ಕಾರ ಅಜಾಗರೂಕತೆಯಿಂದ ತೆರೆದಿಟ್ಟ ಮಾತ್ರಕ್ಕೆ ಕೂಲಿಕಾರರ ಖಾಸಗಿತನ ನಮ್ಮ ಸೊತ್ತಾಗುವುದಿಲ್ಲ.

ನಡೆಸುವವರು ಯಾರು?

2019ರಲ್ಲಿ ರಿಕ್ವೆಸ್ಟ್ಸ್ ಯೋಜನೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ಸೂರಿನಡಿ ಬಂತು. ಹೊಸ ಸೌಲಭ್ಯ ಸೇರಿಸುವುದು ಹೆಚ್ಚುಕಡಿಮೆ ನಿಂತಿದೆ, ಈಗ ನಡೆಯುತ್ತಿರುವುದು ದುರಸ್ತಿ ಮತ್ತು ಭದ್ರತೆ. ಬೆರಳೆಣಿಕೆಯ ನಿರ್ವಾಹಕರು ಈ ಕೆಲಸ ಮಾಡುತ್ತಾರೆ. ಬ್ಯಾಂಕು, ಸ್ಟಾರ್ಟಪ್, ಸರ್ಕಾರ ಎಲ್ಲವೂ ಬಳಸುವ ಈ ಸೇತುವೆಗೆ ಟೋಲ್ ಇಲ್ಲ, ಆದರೆ ಗಾರೆ ಮೆತ್ತಲು ಆಳು ಬೇಕೇ ಬೇಕು. ಬೆಂಗಳೂರಿನ ಜೆರೋಧಾ 2024ರಲ್ಲಿ ಇಂಥ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿತು. ನಮ್ಮ ಐಟಿ ರಾಜಧಾನಿಯ ಉಳಿದ ಕಂಪನಿಗಳೂ ಹೀಗೆ ಯೋಚಿಸಬೇಕು.

ಜನಪ್ರಿಯತೆಗೆ ಅಪಾಯವೂ ಉಂಟು. 2017ರಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಪೈಥಾನ್‌ನ ಸಾರ್ವಜನಿಕ ಭಂಡಾರದಲ್ಲಿ ಹೆಸರಿನ ಒಂದಕ್ಷರ ಬದಲಿಸಿದ ನಕಲಿ ಪ್ಯಾಕೇಜುಗಳನ್ನು ಪತ್ತೆ ಮಾಡಿತು. ಅದರಲ್ಲಿ ಯುಆರ್‌ಎಲ್‌ಲಿಬ್3ರ ಹೆಸರಿನಿಂದ ಒಂದು ‘ಎಲ್’ ಕಳಚಿದ ನಕಲೂ ಇತ್ತು. ಹಾಕಿಕೊಳ್ಳುವಾಗ ಕಾಗುಣಿತ ಎರಡು ಸಲ ನೋಡಿ.

ಬೇರೆ ಆಯ್ಕೆಗಳು

ರಿಕ್ವೆಸ್ಟ್ಸ್ ಒಂದು ಕರೆ ಮುಗಿಯುವವರೆಗೆ ಇನ್ನೊಂದಕ್ಕೆ ಹೋಗುವುದಿಲ್ಲ. ಏಕಕಾಲಕ್ಕೆ ನೂರಾರು ಕರೆ ಬೇಕಿದ್ದರೆ ಎಐಒಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಕ್ಸ್ ಇವೆ. ಎಚ್‌ಟಿಟಿಪಿಎಕ್ಸ್ ರಿಕ್ವೆಸ್ಟ್ಸ್‌ನ ಶೈಲಿಯನ್ನೇ ಅನುಸರಿಸುತ್ತದೆ, ಡೀಫಾಲ್ಟ್ ಆಗಿ 5 ಸೆಕೆಂಡಿನ ಟೈಮ್‌ಔಟ್ ಇಟ್ಟಿದೆ. ದೊಡ್ಡ ಮಟ್ಟದ ಸಂಗ್ರಹಕ್ಕೆ ಸ್ಕ್ರೇಪಿ ಇದೆ, ಅದು ಹೊಸ ಯೋಜನೆಗಳಲ್ಲಿ ರೋಬೋಟ್ಸ್ ಕಡತವನ್ನು ಪಾಲಿಸುವಂತೆ ಹೊಂದಿಸಿಕೊಂಡೇ ಬರುತ್ತದೆ. ಒಬ್ಬ ವರದಿಗಾರ್ತಿಗೆ, ಒಂದು ಸಂಘಟನೆಗೆ, ಒಬ್ಬ ವಿದ್ಯಾರ್ಥಿಗೆ ರಿಕ್ವೆಸ್ಟ್ಸ್ ಸಾಕು. ನಿಧಾನವಾಗಿರುವುದು ಇಲ್ಲಿ ಒಳ್ಳೆಯದೇ, ಸರ್ವರ್ ಮೇಲೆ ದಾಳಿ ಮಾಡಿದಂತೆ ಆಗುವುದಿಲ್ಲ.

ಕಲಿಯಲು ದೊಡ್ಡ ಯೋಜನೆ ಬೇಕಿಲ್ಲ. ಪೈಥಾನ್‌ನ ಮೂಲ ಗೊತ್ತಿದ್ದವರಿಗೆ ಒಂದು ವಾರಾಂತ್ಯ ಸಾಕು, ಗೊತ್ತಿಲ್ಲದವರಿಗೆ ಒಂದು ತಿಂಗಳು. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಿಂದ ಇದೆ. ಅಲ್ಲಿ ಉಚಿತ ಕೀ ಪಡೆದು ಎಪಿಐ ಮೂಲಕ ಅಧಿಕೃತವಾಗಿಯೇ ಡೇಟಾ ತರಬಹುದು. ನಿಮ್ಮ ತಾಲ್ಲೂಕಿನ ಒಂದು ಅಂಕಿ ಆರಿಸಿ: ಮಳೆ, ಶಾಲೆ, ಮಂಡಿಯ ದರ, ಯಾವುದಾದರೂ. ಟೈಮ್‌ಔಟ್ ಕೊಡಿ, ಸ್ಥಿತಿ ಸಂಖ್ಯೆ ನೋಡಿ, ಬಂದ ಅಂಕಿಯನ್ನು ಊರಿನಲ್ಲಿ ಗೊತ್ತಿರುವವರ ಹತ್ತಿರ ಒಮ್ಮೆ ತಾಳೆ ಹಾಕಿ. ತಾಳೆ ಆಗದಿದ್ದರೆ ಕೋಡ್‌ನಲ್ಲಿ ತಪ್ಪಿರಬಹುದು, ಸರ್ಕಾರದ ಲೆಕ್ಕದಲ್ಲೂ ತಪ್ಪಿರಬಹುದು. ಮೊದಲನೆಯದನ್ನು ಖಾತ್ರಿಯಾಗಿ ತಳ್ಳಿಹಾಕಿದ ಮೇಲೆ ಎರಡನೆಯದರ ಬಗ್ಗೆ ಇಲಾಖೆಗೆ ಪತ್ರ ಬರೆಯಿರಿ.